ಗಾಡಿ ನಿಲ್ಲಿಸಿ ಇಳಿಯುವ ಕೆಲಸ

ಆರು ಕಿಲೋಮೀಟರ್ ಸುತ್ತಳತೆಯ ಕಾಂಪೌಂಡನ್ನು ಒಬ್ಬ ಮನುಷ್ಯ ಟಾರ್ಚ್ ಹಿಡಿದು ನಡೆದು ನೋಡಿಕೊಂಡು ಬರಲು ಒಂದೂವರೆ ಗಂಟೆ ಬೇಕು. ಅಷ್ಟು ಹೊತ್ತಿಗೆ ಅವನ ಕಾಲು ಸೋತಿರುತ್ತದೆ, ಟಾರ್ಚಿನ ಬೆಳಕೂ ಮಂಕಾಗಿರುತ್ತದೆ. ಅವನು ಹಿಂದಿನ ಗೋಡೆಯ ಹತ್ತಿರ ಇದ್ದಾಗ ಮುಂದಿನ ಯಾರ್ಡಿನಲ್ಲಿ ಏನಾದರೂ ಆದರೆ ಓಡಿ ಬರುವುದು ಆಗದ ಮಾತು. ದೊಡ್ಡ ಜಾಗಗಳಿಗೆ ಗಸ್ತಿನ ಗಾಡಿ ಬಂದದ್ದು ಈ ಲೆಕ್ಕದಿಂದ. ಗಂಟೆಗೆ ಹದಿನೈದು ಕಿಲೋಮೀಟರಿನಲ್ಲಿ ಹೋದರೂ ಅದೇ ಸುತ್ತು ಇಪ್ಪತ್ತೈದು ನಿಮಿಷಕ್ಕೆ ಮುಗಿಯುತ್ತದೆ. ಉಳಿದ ಹೊತ್ತನ್ನು ಇಳಿದು ನೋಡುವುದಕ್ಕೆ ಕೊಡಬಹುದು. ಆದರೆ ಉಳಿದ ಹೊತ್ತನ್ನು ಇನ್ನೂ ಎರಡು ಸುತ್ತು ಹೊಡೆಯುವುದಕ್ಕೇ ಬಳಸುವ ಕಡೆಗಳೇ ಜಾಸ್ತಿ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದೂ ಅದನ್ನೇ.

ನಾನು ತುಮಕೂರು ತಾಲ್ಲೂಕಿನ ಕೋರಾ ಹೋಬಳಿಯವನು. ವಸಂತನರಸಾಪುರದ ಕೈಗಾರಿಕಾ ಪ್ರದೇಶ ನಮ್ಮ ಕಣ್ಣೆದುರಿಗೇ ಬೆಳೆದದ್ದು. 2014ರಲ್ಲಿ ಪ್ರಧಾನಿ ಬಂದು ಫುಡ್ ಪಾರ್ಕ್ ಉದ್ಘಾಟನೆ ಮಾಡಿದ ದಿನ ಊರಿಗೆ ಊರೇ ಅಲ್ಲಿತ್ತು. ಆಮೇಲೆ ಒಂದೊಂದಾಗಿ ಗೋಡೆಗಳು ಎದ್ದವು, ಗೋದಾಮುಗಳು ಬಂದವು, ಶಿರಾ ಕಡೆಯ ಹೆದ್ದಾರಿಯಿಂದ ಒಳಕ್ಕೆ ಅಗಲವಾದ ರಸ್ತೆಗಳಾದವು. ಮೊದಲು ನಾನು ಅಡಿಕೆ ಮಂಡಿಗೆ ಬಾಡಿಗೆ ಹೊಡೆಯುವ ಗೂಡ್ಸ್ ಗಾಡಿ ಓಡಿಸುತ್ತಿದ್ದೆ. ಬಾಡಿಗೆ ಸೀಸನ್ನಿನಲ್ಲಿ ಮಾತ್ರ. ತಿಂಗಳ ಸಂಬಳ, ಇಎಸ್‌ಐ, ಪಿಎಫ್ ಇರುವ ಕೆಲಸ ಬೇಕೆನಿಸಿ ಸೆಕ್ಯೂರಿಟಿ ಏಜೆನ್ಸಿಯೊಂದಕ್ಕೆ ಅರ್ಜಿ ಹಾಕಿದೆ.

ಸೇರುವುದು ಅಂದರೆ ಯೂನಿಫಾರಂ ಹಾಕಿಕೊಂಡು ಗೇಟಿನಲ್ಲಿ ನಿಲ್ಲುವುದು ಅಂತ ನಮ್ಮ ಕಡೆ ಎಲ್ಲರ ಲೆಕ್ಕ. ಹಾಗಿಲ್ಲ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ ಇದೆ. ಏಜೆನ್ಸಿಗೆ ಆ ಕಾಯ್ದೆಯಡಿ ಲೈಸೆನ್ಸ್ ಇರಬೇಕು, ಅದು ಐದು ವರ್ಷಕ್ಕೆ ಕೊಡುವಂಥದ್ದು. ಸೇರುವವನ ಪೂರ್ವಾಪರವನ್ನು ಪೊಲೀಸರಿಂದ ಪರಿಶೀಲನೆ ಮಾಡಿಸಬೇಕು. ಕೇಂದ್ರದ ಮಾದರಿ ನಿಯಮಗಳಲ್ಲಿ ಮೈಕಟ್ಟಿಗೂ ಅಳತೆ ಇದೆ: ಗಂಡಸರಿಗೆ 160 ಸೆಂಟಿಮೀಟರ್ ಎತ್ತರ, ಹೆಂಗಸರಿಗೆ 150. ಬಣ್ಣಗುರುಡು ಇರಕೂಡದು. ಒಂದು ಕಿಲೋಮೀಟರನ್ನು ಆರು ನಿಮಿಷದಲ್ಲಿ ಓಡಬೇಕು. ನನ್ನ ಜೊತೆ ಬಂದ ಒಬ್ಬರಿಗೆ ಬಣ್ಣದ ಪರೀಕ್ಷೆಯಲ್ಲಿ ಕೆಂಪು ಹಸಿರು ಸರಿಯಾಗಿ ಬೇರೆ ಮಾಡಲಾಗಲಿಲ್ಲ. ಅಲಾರಂ ಪ್ಯಾನೆಲ್ ಮೇಲಿನ ದೀಪ ಯಾವ ಬಣ್ಣದ್ದು ಅಂತ ದೂರದಿಂದಲೇ ಹೇಳಬೇಕಾದ ಕೆಲಸ ಇದು, ಹಾಗಾಗಿ ಆ ನಿಯಮ ಇರುವುದು ಸರಿ ಅಂತ ನನಗೆ ಆಮೇಲೆ ಅರ್ಥವಾಯಿತು. ಪಾಪ, ಅವರು ಬೇಜಾರಿನಲ್ಲೇ ವಾಪಸು ಹೋದರು.

ತರಬೇತಿ ಒಟ್ಟು 160 ಗಂಟೆ. ನೂರು ಗಂಟೆ ಪಾಠ, ಅರವತ್ತು ಗಂಟೆ ಮೈದಾನದಲ್ಲಿ, ಕನಿಷ್ಠ ಇಪ್ಪತ್ತು ಕೆಲಸದ ದಿನಗಳ ಮೇಲೆ ಹಂಚಬೇಕು. ಸೇನೆಯಿಂದಲೋ ಪೊಲೀಸಿನಿಂದಲೋ ಬಂದವರಿಗೆ ಐವತ್ತಾರು ಗಂಟೆ ಸಾಕು. ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಗುಂಪು ಸೇರಿದಾಗ ಹೇಗೆ ನಿಲ್ಲಬೇಕು, ಗುರುತಿನ ಚೀಟಿ ಹೇಗೆ ನೋಡಬೇಕು, ಠಾಣೆಯಲ್ಲಿ ದೂರು ಹೇಗೆ ಕೊಡಬೇಕು, ಆತ್ಮರಕ್ಷಣೆಯ ಹಕ್ಕು ಎಲ್ಲಿಯವರೆಗೆ, ಇವೆಲ್ಲ ಪಠ್ಯದಲ್ಲಿವೆ. ಅದೇ ಪಟ್ಟಿಯಲ್ಲಿ ಅಪಾಯ ತಪ್ಪಿಸಿ ಗಾಡಿ ಓಡಿಸುವ ಪಾಠವೂ ಇದೆ. ಬ್ಯಾಂಕಿನ ಹಣ ಸಾಗಿಸುವಂಥ ಕವಚದ ಗಾಡಿಯ ಚಾಲಕರಿಗೆ ಅದು ಕಡ್ಡಾಯ, ಉಳಿದವರಿಗೆ ಬೇಕಾದರೆ ಮಾತ್ರ. ನಮ್ಮ ತಂಡದಲ್ಲಿ ಅದನ್ನು ಕೇಳಿ ತೆಗೆದುಕೊಂಡವರು ಕಡಿಮೆ. ನಾನು ಕೇಳಿ ಕೂತೆ. ರಾತ್ರಿಯಿಡೀ ಸ್ಟೀರಿಂಗ್ ಹಿಡಿಯುವವನಿಗೆ ಆ ಪಾಠ ಐಚ್ಛಿಕವಾಗಿರುವುದು ಸರಿಯಲ್ಲ ಅಂತ ಅವತ್ತೂ ಅನ್ನಿಸಿತ್ತು, ಇವತ್ತೂ ಅನ್ನಿಸುತ್ತದೆ.

ಶುರುವಿನಲ್ಲಿ ಗೇಟ್ ಡ್ಯೂಟಿ. ಲಾರಿ ನಂಬರ್ ಬರೆಯುವುದು, ಚಲನ್ ನೋಡುವುದು, ಸೀಲ್ ನೋಡುವುದು. ಅದರ ಬಗ್ಗೆ ಹೇಳುವುದೇನೂ ಹೆಚ್ಚಿಲ್ಲ, ಆದರೆ ಯಾವ ಗಾಡಿ ಯಾವ ಹೊತ್ತಿಗೆ ಬರುತ್ತದೆ, ಯಾವ ಡ್ರೈವರ್ ಎಲ್ಲಿ ಮಲಗುತ್ತಾನೆ ಅನ್ನುವುದು ತಲೆಯಲ್ಲಿ ಕೂತದ್ದು ಅಲ್ಲೇ. ಗಸ್ತಿನ ಗಾಡಿಯ ಡ್ರೈವರ್ ಕೆಲಸ ಬಿಟ್ಟಾಗ ಫೀಲ್ಡ್ ಆಫೀಸರ್ ಕೇಳಿದರು, “ಲೈಸೆನ್ಸ್ ಇದೆಯಲ್ಲ ನಿಂಗೆ, ಪೆಟ್ರೋಲಿಂಗ್‌ಗೆ ಹೋಗ್ತೀಯಾ?” ಹೂಂ ಅಂದೆ.

ನಮ್ಮ ಸೈಟಿನಲ್ಲಿ ಸೂಪರ್‌ವೈಸರ್ ಆಗಿದ್ದವರು ಸೇನೆಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು. ಎಲ್ಲರೂ ಹವಾಲ್ದಾರ್ ಸರ್ ಅಂತಲೇ ಕರೆಯುತ್ತಿದ್ದೆವು. ನನಗೆ ತಕ್ಷಣ ರಾತ್ರಿ ಡ್ಯೂಟಿ ಕೊಡಲಿಲ್ಲ. “ಮೊದ್ಲು ಹಗಲು ಹೊತ್ನಲ್ಲಿ ನಡ್ಕೊಂಡು ಸುತ್ತು. ಗಾಡಿ ಮುಟ್ಬೇಡ,” ಅಂದರು. ಅವರೂ ಜೊತೆಗೆ ನಡೆದರು. ಒಂದೊಂದು ಕಡೆ ನಿಲ್ಲಿಸಿ ಕೇಳುತ್ತಿದ್ದರು: ಈ ಚೇಂಬರಿನ ಮುಚ್ಚಳ ಯಾವ ಕಡೆಗೆ ವಾಲಿದೆ? ಈ ಕಿಟಕಿಯ ಗಾಜು ಒಡೆದದ್ದು ಹಳೆಯದೋ ಹೊಸದೋ? ಈ ಟ್ರಾನ್ಸ್‌ಫಾರ್ಮರ್ ಯಾವಾಗಲೂ ಹೀಗೇ ಗುಂಯ್‌ಗುಡುತ್ತದಾ? ನನಗೆ ಉತ್ತರ ಗೊತ್ತಿರುತ್ತಿರಲಿಲ್ಲ. ಗೊತ್ತಾಗುವವರೆಗೆ ಮತ್ತೆ ಅದೇ ಜಾಗಕ್ಕೆ ಕರೆದುಕೊಂಡು ಹೋಗುತ್ತಿದ್ದರು.

“ಕಳ್ಳ ಹೆಂಗಿರ್ತಾನೆ ಅಂತ ನಿಂಗ್ಯಾರೂ ತೋರ್ಸಕ್ಕಾಗಲ್ಲಪ್ಪ,” ಅನ್ನುತ್ತಿದ್ದರು. “ಮಾಮೂಲಿ ಹೆಂಗಿರುತ್ತೆ ಅಂತ ತಿಳ್ಕೊ. ಅದು ತಪ್ಪಿದ ದಿನ ನಿಂಗೇ ಗೊತ್ತಾಗುತ್ತೆ.”

ಆ ಮಾತು ನನ್ನ ಇಡೀ ಕೆಲಸಕ್ಕೆ ಬುನಾದಿ. ಯಾವ ಬೀದಿದೀಪ ಮಿಣುಕುತ್ತದೆ, ಯಾವ ಶಟರ್ ಗಾಳಿಗೆ ಸದ್ದು ಮಾಡುತ್ತದೆ, ಯಾವ ಮೂಲೆಯಲ್ಲಿ ನಾಯಿಗಳು ಮಲಗುತ್ತವೆ, ಬಾಯ್ಲರ್ ಕಡೆಯಿಂದ ರಾತ್ರಿ ಎಂಥ ವಾಸನೆ ಬರುವುದು ಸಹಜ, ಇದನ್ನೆಲ್ಲ ಕ್ಯಾಮೆರಾ ಹೇಳಿಕೊಡುವುದಿಲ್ಲ. ನಡೆದವನಿಗೆ ಮಾತ್ರ ಬರುತ್ತದೆ.

ಡ್ಯೂಟಿ ಶುರುವಾಗುವುದು ಹ್ಯಾಂಡ್‌ಓವರ್‌ನಿಂದ. ಹಿಂದಿನ ಪಾಳಿಯವನ ರಿಜಿಸ್ಟರ್ ಓದಿ ಸಹಿ ಹಾಕುವ ಮೊದಲು ಗಾಡಿಯ ಸುತ್ತ ಒಂದು ಸಲ ಬರಬೇಕು. ನಮ್ಮದು ಹಳೆಯ ಬೊಲೆರೊ. ಟೈರ್ ಗಾಳಿ ನೋಡುವಾಗ ಸ್ಟೆಪ್ನಿಯದ್ದೂ ನೋಡಬೇಕು, ಅದನ್ನು ಮರೆಯುವವರು ಬಹಳ. ಆಯಿಲ್, ರೇಡಿಯೇಟರ್ ನೀರು, ವೈಪರ್, ನಾಲ್ಕೂ ಇಂಡಿಕೇಟರ್, ರಿವರ್ಸ್ ಲೈಟ್. ಡೀಸೆಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯಬಾರದು ಅಂತ ಹವಾಲ್ದಾರ್ ಸರ್ ಕಟ್ಟುನಿಟ್ಟು. ಯಾರಿಗಾದರೂ ಹಾವು ಕಚ್ಚಿ ತುಮಕೂರಿನ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದ ರಾತ್ರಿ ಬಂಕ್ ಹುಡುಕುತ್ತಾ ನಿಲ್ಲುವಂತಿಲ್ಲ. ಹಿಂದಿನ ಸೀಟಿನಲ್ಲಿ ಬೆಂಕಿ ಆರಿಸುವ ಸಿಲಿಂಡರ್, ಪ್ರಥಮ ಚಿಕಿತ್ಸೆಯ ಡಬ್ಬ, ಹಗ್ಗ, ಪ್ರತಿಫಲಕ ತ್ರಿಕೋನ, ದೊಡ್ಡ ಸರ್ಚ್‌ಲೈಟು. ವಾಕಿಟಾಕಿಯನ್ನು ಗೇಟಿನವನ ಜೊತೆ ಮಾತಾಡಿ ಪರೀಕ್ಷೆ ಮಾಡಿಯೇ ಹೊರಡಬೇಕು. ಗೋಡೆಯ ಮೂಲೆಯೊಂದರಲ್ಲಿ ಅದರ ಸಿಗ್ನಲ್ ಸತ್ತುಹೋಗುತ್ತದೆ. ಆ ಮೂಲೆಗೆ ಹೋಗುವ ಮುಂಚೆ ‘ಹೋಗ್ತಿದೀನಿ’, ಬಂದ ಮೇಲೆ ‘ಬಂದೆ’ ಅಂತ ಹೇಳಬೇಕು. ಬಂದೆ ಅನ್ನುವುದು ಹತ್ತು ನಿಮಿಷದಲ್ಲಿ ಬರದಿದ್ದರೆ ಗೇಟಿನವನು ಹುಡುಕಿಕೊಂಡು ಹೊರಡಬೇಕು.

ಗಾಡಿ ಓಡಿಸುವುದರಲ್ಲೇ ಕಲಿಯಬೇಕಾದದ್ದು ಜಾಸ್ತಿ ಇತ್ತು. ಅಷ್ಟು ವರ್ಷ ಸ್ಟೀರಿಂಗ್ ಹಿಡಿದವನಿಗೂ ಇದು ಬೇರೆಯೇ ವಿದ್ಯೆ. ಹೊಸಬರು ಕಿಟಕಿ ಮುಚ್ಚಿ, ಹಾಡು ಹಾಕಿ, ಹೈ ಬೀಮ್ ಬಿಟ್ಟು ಹೋಗುತ್ತಾರೆ. ಹೈ ಬೀಮ್ ಇದ್ದರೆ ಬೆಳಕು ಬಿದ್ದ ಜಾಗ ಬಿಟ್ಟು ಬೇರೇನೂ ಕಾಣುವುದಿಲ್ಲ, ಮತ್ತು ನೀನು ಬರುತ್ತಿರುವುದು ಅರ್ಧ ಕಿಲೋಮೀಟರ್ ದೂರದವನಿಗೂ ಗೊತ್ತಾಗುತ್ತದೆ. ನಮಗೆ ಕಲಿಸಿದ ಕ್ರಮ: ಎರಡೂ ಕಿಟಕಿ ಪೂರ್ತಿ ಇಳಿಸಿರಬೇಕು, ಮಳೆ ಬಂದರೂ ನಾಲ್ಕು ಬೆರಳಷ್ಟಾದರೂ ತೆರೆದಿರಬೇಕು. ರೇಡಿಯೋ ಇಲ್ಲ, ಕಿವಿಗೆ ಇಯರ್‌ಫೋನ್ ಇಲ್ಲ. ಎರಡನೇ ಗೇರ್. ಒಂದೊಂದು ಕಟ್ಟಡದ ಮೂಲೆಗೆ ಬಂದಾಗ ಎಂಜಿನ್ ಆಫ್ ಮಾಡಿ, ದೀಪ ಆರಿಸಿ, ಎರಡು ನಿಮಿಷ ಸುಮ್ಮನೆ ಕೂರಬೇಕು. ಮೊದಲ ನಿಮಿಷದಲ್ಲಿ ಡೀಸೆಲ್ ಎಂಜಿನ್ನಿನ ಗುಂಗು ಕಿವಿಯಿಂದ ಹೋಗಬೇಕು, ಕಣ್ಣು ಕತ್ತಲೆಗೆ ಹೊಂದಬೇಕು. ಕೇಳುವುದು ಎರಡನೇ ನಿಮಿಷದಲ್ಲಿ. ಆಮೇಲೆ ಇಳಿದು ಬಾಗಿಲು ಎಳೆದು ನೋಡುವುದು, ಬೀಗ ಮುಟ್ಟಿ ನೋಡುವುದು. ನೇತಾಡುವ ಬೀಗಕ್ಕೂ ಹಾಕಿದ ಬೀಗಕ್ಕೂ ಗಾಡಿಯಿಂದ ವ್ಯತ್ಯಾಸ ಕಾಣುವುದಿಲ್ಲ.

ಗಾಡಿಯನ್ನು ಯಾವಾಗಲೂ ಹೊರಡುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಬೇಕು. ಇಳಿದಾಗ ಕೀ ಜೇಬಿನಲ್ಲಿರಬೇಕು. ಸರ್ಚ್‌ಲೈಟನ್ನು ಮೈಯಿಂದ ದೂರ, ಕೈ ಚಾಚಿ ಹಿಡಿಯಬೇಕು. ಬೆಳಕಿನ ಕಡೆಗೇ ಕಲ್ಲು ಬರುವುದು. ಇಂಥ ಸಣ್ಣ ಸಣ್ಣ ಸಂಗತಿಗಳು ತರಬೇತಿಯ ಪುಸ್ತಕದಲ್ಲಿ ಇರಲಿಲ್ಲ.

ಇನ್ನು ಪಾಯಿಂಟ್‌ಗಳ ವಿಷಯ. ಗೋಡೆಯುದ್ದಕ್ಕೂ, ಪಂಪ್‌ಹೌಸ್, ಪ್ಯಾನೆಲ್ ರೂಂ, ಸ್ಕ್ರ್ಯಾಪ್ ಯಾರ್ಡ್ ಹೀಗೆ ಒಂದೊಂದು ಕಡೆ ಸಣ್ಣ ಟ್ಯಾಗ್ ಅಂಟಿಸಿರುತ್ತಾರೆ. ಅಲ್ಲಿಗೆ ಹೋಗಿ ಮೊಬೈಲ್ ತಾಗಿಸಿದರೆ ಎಷ್ಟು ಗಂಟೆಗೆ ಯಾರು ಬಂದರು ಅಂತ ದಾಖಲಾಗುತ್ತದೆ. ಗಾಡಿಯಲ್ಲಿ ಜಿಪಿಎಸ್ ಬೇರೆ. ಇದು ಒಳ್ಳೆಯ ವ್ಯವಸ್ಥೆ, ಡ್ಯೂಟಿಯಲ್ಲಿ ಮಲಗುವುದು ಇದರಿಂದ ಎಷ್ಟೋ ಕಡಿಮೆಯಾಗಿದೆ. ಆದರೆ ಇದರಿಂದ ಒಂದು ತೊಂದರೆಯೂ ಆಗಿದೆ. ಪಾಯಿಂಟ್ ಪಂಚ್ ಆದರೆ ಸಾಕು, ಪರದೆ ಮೇಲೆ ಹಸಿರು ಬಂದರೆ ಸಾಕು ಅನ್ನುವ ಭಾವನೆ ಕಂಟ್ರೋಲ್ ರೂಮಿನಲ್ಲೂ ಗಾಡಿಯಲ್ಲೂ ಕೂತುಬಿಡುತ್ತದೆ. ಎಲ್ಲ ಪಾಯಿಂಟನ್ನೂ ಒಂದೇ ಕ್ರಮದಲ್ಲಿ, ಗಂಟೆಗೊಮ್ಮೆ, ಅದೇ ನಿಮಿಷಕ್ಕೆ ಮುಗಿಸುವವನಿಗೆ ರಿಪೋರ್ಟಿನಲ್ಲಿ ನೂರಕ್ಕೆ ನೂರು. ಗೋಡೆಯಾಚೆ ಬೇವಿನ ಮರದ ಕೆಳಗೆ ಕೂತು ಎರಡು ರಾತ್ರಿ ನೋಡಿದವನಿಗೆ ಗಾಡಿ ಯಾವಾಗ ಬರುತ್ತದೆ ಅಂತ ಮೂರನೆಯ ರಾತ್ರಿ ಗಡಿಯಾರವೇ ಬೇಕಾಗಿಲ್ಲ.

ಹವಾಲ್ದಾರ್ ಸರ್ ಇದಕ್ಕೆ ಬಿಸ್ಕತ್ ಡಬ್ಬವೊಂದನ್ನು ಇಟ್ಟಿದ್ದರು. ಒಳಗೆ ಚೀಟಿಗಳು. ಪ್ರತಿ ಸುತ್ತಿಗೂ ಮೊದಲು ಒಂದು ಚೀಟಿ ಎತ್ತಬೇಕು. ಒಂದರಲ್ಲಿ ಬಲಗಡೆಯಿಂದ ಶುರು, ಇನ್ನೊಂದರಲ್ಲಿ ಎಡಗಡೆಯಿಂದ, ಮತ್ತೊಂದರಲ್ಲಿ ಅರ್ಧ ಸುತ್ತಿ ವಾಪಸು ಬಂದು ಹತ್ತು ನಿಮಿಷದಲ್ಲೇ ಮತ್ತೆ ಹೊರಡು ಅಂತ. ಕ್ಲೈಂಟ್ ಕಡೆಯ ಅಡ್ಮಿನ್‌ನವರು ಮೊದಲು ಒಪ್ಪಲಿಲ್ಲ, ರಿಪೋರ್ಟಿನಲ್ಲಿ ಹೊತ್ತು ಏರುಪೇರಾಗಿ ಕಾಣುತ್ತದೆ ಅಂತ. ಸರ್ ಕೂತು ವಿವರಿಸಿದರು. “ಏರುಪೇರಾಗಿರ್ಲಿ ಅಂತಾನೇ ಮಾಡಿರೋದು ಸ್ವಾಮಿ.” ಕೊನೆಗೆ ಆ್ಯಪಿನಲ್ಲಿ ಹೊತ್ತಿನ ಕಟ್ಟು ಸಡಿಲಿಸಿ, ರಾತ್ರಿಗೆ ಒಟ್ಟು ಇಷ್ಟು ಸಲ ಪ್ರತಿ ಪಾಯಿಂಟ್ ಮುಟ್ಟಬೇಕು ಅಂತ ಬದಲಾಯಿಸಿದರು. ಈಗ ಇಂಥ ಆ್ಯಪ್‌ಗಳಲ್ಲಿ ಕ್ರಮವನ್ನು ತಾನೇ ಅದಲುಬದಲು ಮಾಡುವ ಸೌಲಭ್ಯವೂ ಸಿಗುತ್ತದೆ. ಇದ್ದರೆ ದಯವಿಟ್ಟು ಅದನ್ನು ಆನ್ ಮಾಡಿಸಿಕೊಳ್ಳಿ.

ಒಂದು ರಾತ್ರಿಯ ಸಂಗತಿ ಹೇಳಬೇಕು. ಹಿಂದಿನ ಗೋಡೆಗೆ ಹತ್ತಿಕೊಂಡಂತೆ ಕೇಬಲ್ ಹಾಕಿದ ಕಾಲುವೆ ಇತ್ತು, ಮೇಲೆ ಸಿಮೆಂಟಿನ ಚಪ್ಪಡಿಗಳು. ಅದರ ಮೇಲೆ ನೂರಾರು ಸಲ ಬೆಳಕು ಹಾಯಿಸಿದ್ದೇನೆ. ಆ ರಾತ್ರಿ ಚೀಟಿಯಲ್ಲಿ ಅರ್ಧ ಸುತ್ತಿ ವಾಪಸು ಬರುವ ಸರದಿ. ಎಂಜಿನ್ ಆರಿಸಿ ಕೂತಾಗ ಏನೂ ಕೇಳಿಸಲಿಲ್ಲ. ಇಳಿದು ನಾಲ್ಕು ಹೆಜ್ಜೆ ಹೋದ ಮೇಲೆ ಎರಡು ಚಪ್ಪಡಿಗಳ ನಡುವಿನ ಸಂದು ಅಗಲವಾಗಿರುವುದು ಕಂಡಿತು. ಚಪ್ಪಡಿಯ ಪಕ್ಕದ ಮಣ್ಣು ಹಸಿ. ಮಳೆ ಬಂದಿರಲಿಲ್ಲ, ಅಡಿಯಲ್ಲಿದ್ದ ತೇವದ ಮಣ್ಣು ಮೇಲೆ ಬಂದಿತ್ತು. ಯಾರೋ ಎತ್ತಿ ಮತ್ತೆ ಇಟ್ಟಿದ್ದಾರೆ, ಅದೂ ಈಗಷ್ಟೇ.

ಹುಡುಗಾಟದ ವಯಸ್ಸಿನವರಾದರೆ ಕೂಗಿಕೊಂಡು ಓಡುತ್ತಿದ್ದರೇನೋ. ನಮಗೆ ಹೇಳಿಕೊಟ್ಟದ್ದು ಬೇರೆ. ಹಿಂದೆ ಸರಿದು ಗಾಡಿಯ ಹತ್ತಿರ ಬಂದೆ. ವಾಕಿಟಾಕಿಯಲ್ಲಿ ಮೆಲ್ಲಗೆ ಜಾಗ ಹೇಳಿದೆ. ಗೇಟಿನವರು ಎರಡೂ ಗೇಟು ಹಾಕಿ 112ಕ್ಕೆ ಕರೆ ಮಾಡಿದರು. ನನ್ನ ಜೊತೆಗಾರ ಇನ್ನೊಂದು ಮೂಲೆಯಿಂದ ಸರ್ಚ್‌ಲೈಟ್ ಬಿಟ್ಟು ಗೋಡೆಯುದ್ದಕ್ಕೂ ಹಾಯಿಸಿದ. ಸ್ಕ್ರ್ಯಾಪ್ ರಾಶಿಯ ಹಿಂದಿನಿಂದ ಎದ್ದ ಇಬ್ಬರು ಗೋಡೆ ಹತ್ತಿ ಆಚೆ ಹಾರಿದರು. ಹಿಂದೆ ಬೀಳಲಿಲ್ಲ. ಗೋಡೆಯಾಚೆ ಎಷ್ಟು ಜನ ಇದ್ದಾರೆ, ಕೈಯಲ್ಲಿ ಏನಿದೆ, ಯಾರಿಗೂ ಗೊತ್ತಿಲ್ಲ. ತಾಮ್ರದ ಕೇಬಲ್ಲಿಗಾಗಿ ಒಬ್ಬ ಗಾರ್ಡ್ ಪ್ರಾಣ ಕಳೆದುಕೊಳ್ಳಬೇಕು ಅಂತ ಯಾವ ಒಪ್ಪಂದದಲ್ಲೂ ಬರೆದಿರುವುದಿಲ್ಲ. ಅರ್ಧ ಕತ್ತರಿಸಿದ್ದ ಕೇಬಲ್ಲು ಕಾಲುವೆಯಲ್ಲೇ ಇತ್ತು, ಬಿಟ್ಟು ಹೋದ ಹ್ಯಾಕ್ಸಾ ಬ್ಲೇಡೂ ಇತ್ತು. ಪೊಲೀಸರು ಬರುವವರೆಗೆ ಯಾರೂ ಅದನ್ನು ಮುಟ್ಟದಂತೆ ನಾನೇ ನಿಂತೆ. ನಮ್ಮ ಮ್ಯಾನೇಜರ್ ಬಂದು ಬ್ಲೇಡ್ ಎತ್ತಲು ಕೈ ಹಾಕಿದಾಗ, “ಬೇಡ ಸರ್, ಬೆರಳಚ್ಚು ಇರಬಹುದು,” ಅಂದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

ಹಿಡಿದಿದ್ದರೆ ಏನು ಮಾಡಬೇಕಿತ್ತು ಅನ್ನುವುದನ್ನೂ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಬಡಾವಣೆಗಳಲ್ಲಿ ಹಿಡಿದವನನ್ನು ಕಂಬಕ್ಕೆ ಕಟ್ಟಿ ಹೊಡೆಯುವುದನ್ನು ನೋಡಿದ್ದೇವೆ. ಅದು ಅಪರಾಧ. ನಮಗೆ ಇರುವ ಅಧಿಕಾರ ಯಾವ ಸಾಮಾನ್ಯ ಮನುಷ್ಯನಿಗೂ ಇರುವಷ್ಟೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ, ಕಣ್ಣೆದುರಿಗೇ ಜಾಮೀನಿಲ್ಲದ, ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದಂಥ ಅಪರಾಧ ಮಾಡಿದವನನ್ನು ಖಾಸಗಿ ವ್ಯಕ್ತಿ ಹಿಡಿಯಬಹುದು. ಆದರೆ ವಿನಾಕಾರಣ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಆ ಆರು ಗಂಟೆ ಹೊಡೆಯುವುದಕ್ಕೋ ವಿಚಾರಣೆ ಮಾಡುವುದಕ್ಕೋ ಕೊಟ್ಟದ್ದಲ್ಲ. ನೀರು ಕೇಳಿದರೆ ಕೊಡಬೇಕು, ಕೂರಿಸಬೇಕು, ಠಾಣೆಗೆ ಹೇಳಬೇಕು, ಅಷ್ಟೇ. ನಾನು ಹೊಸ ಹುಡುಗರಿಗೆ ಮೊದಲು ಹೇಳುವ ಪಾಠವೇ ಇದು.

ಕಳ್ಳತನಕ್ಕಿಂತ ಬೇರೆ ಸಂಗತಿಗಳೇ ರಾತ್ರಿಯಲ್ಲಿ ಜಾಸ್ತಿ ಎದುರಾಗುತ್ತವೆ. ಪ್ಯಾನೆಲ್ ರೂಂ ಹತ್ತಿರ ಒಮ್ಮೆ ಕಿಟಕಿಯಿಂದ ಸುಟ್ಟ ವಾಸನೆ ಬಂತು, ಪ್ಲಾಸ್ಟಿಕ್ಕೂ ಮೀನೂ ಸೇರಿದಂಥ ವಾಸನೆ. ವೈರಿನ ಹೊದಿಕೆ ಬಿಸಿಯಾದಾಗ ಬರುವುದು ಅದೇ. ಹೊಗೆಯಿಲ್ಲ, ಅಲಾರಂ ಇಲ್ಲ. ಮೆಂಟೆನೆನ್ಸ್‌ನವರನ್ನು ಎಬ್ಬಿಸಿ ಕರೆಸಿದೆ. ಸಡಿಲವಾದ ಒಂದು ಜೋಡಣೆ ಕೆಂಪಗೆ ಕಾದಿತ್ತು. ಕಿಟಕಿ ಮುಚ್ಚಿಕೊಂಡು ಹೋಗಿದ್ದರೆ ಅದು ಬೆಳಗಿನ ಹೊತ್ತಿಗೆ ಬೆಂಕಿಯಾಗಿ ತಿಳಿಯುತ್ತಿತ್ತು. ಕಿಟಕಿ ಯಾಕೆ ಇಳಿಸಿರಬೇಕು ಅಂತ ಕೇಳುವವರಿಗೆ ನಾನು ಹೇಳುವ ಉತ್ತರ ಇದೊಂದೇ.

ಮತ್ತೆ ಪ್ರಾಣಿಗಳು. ದೇವರಾಯನದುರ್ಗದ ಕಾಡು, ನಮ್ಮ ಸುತ್ತಲಿನ ಕಲ್ಲುಗುಡ್ಡಗಳು, ಅಲ್ಲೆಲ್ಲ ಚಿರತೆಗಳಿವೆ, ಕರಡಿಗಳೂ ಇವೆ. ನಾಯಿ ಹುಡುಕಿಕೊಂಡು ಚಿರತೆ ಊರ ಅಂಚಿಗೆ ಬರುತ್ತದೆ. ಕಾಂಪೌಂಡಿನ ಹಿಂದೆ ಕಂಡಿತು ಅಂದಾಗ ಗಾಡಿಯಿಂದ ಇಳಿಯಬಾರದು, ದಾರಿ ಕಟ್ಟಬಾರದು, ಬೆನ್ನಟ್ಟಿ ವಿಡಿಯೋ ಮಾಡಬಾರದು. ಅದು ಹೋಗುವ ದಾರಿ ಬಿಟ್ಟು, ಪಾಳಿ ಮುಗಿಸಿ ನಡೆದು ಹೋಗುವ ಕೆಲಸಗಾರರನ್ನು ಒಳಗೇ ನಿಲ್ಲಿಸಿ, ಅರಣ್ಯ ಇಲಾಖೆಗೆ ತಿಳಿಸಬೇಕು. ಇಳಿಯಬೇಕು ಇಳಿಯಬೇಕು ಅಂತ ಇಷ್ಟು ಹೇಳಿದ ನಾನು ಇಳಿಯಬೇಡಿ ಅನ್ನುವುದು ಇದೊಂದೇ ಸಂದರ್ಭದಲ್ಲಿ. ಇನ್ನು ಹಾವು. ಹಗಲು ಕಾದ ಡಾಂಬರಿನ ಮೇಲೆ ರಾತ್ರಿ ಬಂದು ಮಲಗುತ್ತವೆ, ಕೊಳಕುಮಂಡಲ, ನಾಗರಹಾವು ಎರಡೂ. ಬೂಟು ಹಾಕದೆ ಚಪ್ಪಲಿಯಲ್ಲಿ ಬಂದವನನ್ನು ಗಾಡಿ ಹತ್ತಿಸುವುದೇ ಇಲ್ಲ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಔಷಧಿಗೆ ಓಡುವುದು ಬೇಡ; ಕೈಕಾಲು ಅಲುಗಿಸದಂತೆ ಮಲಗಿಸಿ ನೇರ ಆಸ್ಪತ್ರೆಗೆ. ಗಸ್ತಿನ ಗಾಡಿ ಆಂಬುಲೆನ್ಸಿಗಿಂತ ಮುಂಚೆ ಅಲ್ಲಿರುತ್ತದೆ ಅನ್ನುವುದನ್ನು ಮ್ಯಾನೇಜ್‌ಮೆಂಟಿನವರು ಮರೆಯಬಾರದು.

ರಾಗಿ ಕೊಯ್ಲಿನ ಕಾಲದಲ್ಲಿ ಇನ್ನೊಂದು. ನಮ್ಮ ಕಡೆ ರಾಗಿ, ಹುರುಳಿ ತಂದು ರಸ್ತೆ ಮೇಲೆ ಹರಡುತ್ತಾರೆ, ಗಾಡಿ ಓಡಾಡಿದರೆ ಒಕ್ಕಣೆಯಾಗಲಿ ಅಂತ. ಕೈಗಾರಿಕಾ ರಸ್ತೆ ಅಗಲ, ನುಣುಪು, ಸಂಚಾರ ಕಡಿಮೆ. ಹುರುಳಿ ಹೊಟ್ಟಿನ ಮೇಲೆ ಬ್ರೇಕ್ ಹಾಕಿದರೆ ಗಾಡಿ ಜಾರುತ್ತದೆ, ಒಣ ಹುಲ್ಲು ಗಾಡಿಯ ಅಡಿಗೆ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿ ಬೆಂಕಿ ಹತ್ತುವುದೂ ಉಂಟು. ಕಾವಲಿಗೆ ಅಲ್ಲೇ ಕಂಬಳಿ ಹೊದ್ದು ಮಲಗಿದ ಅಜ್ಜಂದಿರು ಕತ್ತಲಲ್ಲಿ ಕಾಣುವುದೇ ಇಲ್ಲ. ನಾವು ಆ ದಿನಗಳಲ್ಲಿ ಸಂಜೆಯೇ ಹೋಗಿ, “ತಾತ, ರಸ್ತೆ ಅಂಚಲ್ಲಿ ಮಲಗ್ಬೇಡಿ, ಈ ಕಡೆ ಗೇಟ್ ಹತ್ರ ಬೆಳಕಿದೆ, ಅಲ್ಲಿಗೆ ಬನ್ನಿ,” ಅಂತ ಹೇಳಿ, ಹರಡಿದ ಜಾಗದ ಎರಡೂ ತುದಿಗೆ ಪ್ರತಿಫಲಕ ಕೋನ್ ಇಡುತ್ತಿದ್ದೆವು. ಅದರಿಂದ ಊರಿನವರ ಜೊತೆ ಸ್ನೇಹ ಬೆಳೆಯಿತು. ಹಿಂದಿನ ಗೋಡೆಯ ಹತ್ತಿರ ಗುರುತಿಲ್ಲದ ಗೂಡ್ಸ್ ಆಟೋ ನಿಂತಿದ್ದರೆ ನಮಗೆ ಮೊದಲು ಫೋನ್ ಬರುತ್ತಿದ್ದದ್ದು ಅವರಿಂದಲೇ.

ಆಮೇಲೆ ನಾನು ಸಿದ್ಧಗಂಗೆಯ ಕಡೆಯ ದೊಡ್ಡ ಬಡಾವಣೆಯೊಂದಕ್ಕೆ ಬಂದೆ. ಮನೆಗೂ ಹತ್ತಿರ, ಮಕ್ಕಳ ಸ್ಕೂಲಿಗೂ ಹತ್ತಿರ. ಇಲ್ಲಿ ಯಂತ್ರಗಳಿಲ್ಲ, ಮನುಷ್ಯರಿದ್ದಾರೆ, ಅದಕ್ಕೇ ಕೆಲಸ ಇನ್ನೂ ಸೂಕ್ಷ್ಮ. ಫ್ಯಾಕ್ಟರಿಯಲ್ಲಿ ರಾತ್ರಿ ಎರಡು ಗಂಟೆಗೆ ಯಾರು ಕಂಡರೂ ಪ್ರಶ್ನೆ ಕೇಳಬಹುದು. ಬಡಾವಣೆಯಲ್ಲಿ ಆ ಹೊತ್ತಿಗೆ ಬೆಂಗಳೂರಿನಿಂದ ಡ್ಯೂಟಿ ಮುಗಿಸಿ ಬಂದ ಹುಡುಗಿ ಇರುತ್ತಾಳೆ, ನಿದ್ದೆ ಬಾರದ ಯಜಮಾನರು ವಾಕಿಂಗ್ ಮಾಡುತ್ತಿರುತ್ತಾರೆ. ಮುಖಕ್ಕೆ ಬೆಳಕು ಬಿಡುವಂತಿಲ್ಲ. ಬೆಳಕು ಕಾಲಿನ ಹತ್ತಿರ ನೆಲಕ್ಕೆ ಬಿಟ್ಟು, “ನಮಸ್ಕಾರ ಸರ್, ಎಲ್ಲ ಆರಾಮಾ?” ಅಂದರೆ ಮನೆಯವರು ಉತ್ತರ ಕೊಡುತ್ತಾರೆ, ಹೊರಗಿನವರು ತಡವರಿಸುತ್ತಾರೆ. ಒಂಟಿ ಹೆಣ್ಣುಮಗಳು ನಡೆದು ಹೋಗುತ್ತಿದ್ದರೆ ಹಿಂದೆ ಹಿಂದೆಯೇ ಗಾಡಿ ಬಿಡಬಾರದು, ಅವಳಿಗೆ ಅದೇ ಭಯ. ಮುಂದೆ ಹೋಗಿ ಅಡ್ಡರಸ್ತೆಯ ದೀಪದ ಕೆಳಗೆ ನಿಲ್ಲಿಸಿಕೊಂಡರೆ ಸಾಕು.

ಇಲ್ಲಿ ಖಾಲಿ ಮನೆಗಳು ಬಹಳ. ಮಕ್ಕಳು ವಿದೇಶದಲ್ಲಿ, ಅಪ್ಪ ಅಮ್ಮ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ. ಊರಿಗೆ ಹೋಗುವವರು ಕಚೇರಿಯಲ್ಲಿ ಬರೆಸಿ ಹೋಗಬೇಕು ಅಂತ ಸಂಘದವರು ಮಾಡಿದ ಮೇಲೆ ನಮ್ಮ ಕೆಲಸ ಹಗುರವಾಯಿತು. ಆ ಪಟ್ಟಿ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಬಿದ್ದಿರಕೂಡದು, ಬೇರೆಯವರ ಕಣ್ಣಿಗೆ ಬಿದ್ದರೆ ಅದೇ ಕಳ್ಳನಿಗೆ ದಾರಿ. ಗೇಟಿನ ಮುಂದೆ ಸೇರಿದ ಪೇಪರುಗಳನ್ನು ಎತ್ತಿ ಒಳಗಿಡುತ್ತೇವೆ, ಹಗಲಲ್ಲೂ ಉರಿಯುವ ವರಾಂಡ ದೀಪದ ಬಗ್ಗೆ ಮನೆಯವರಿಗೆ ಹೇಳುತ್ತೇವೆ. ಒಂದು ಬೆಳಗಿನ ಜಾವ ಒಂದು ಮನೆಯ ಮೇಲಿನ ಟ್ಯಾಂಕ್ ಸುರಿಯುತ್ತಿತ್ತು. ಆ ಮನೆಯ ಅಜ್ಜಿ ಮೋಟರ್ ಹಾಕಿ ಮರೆಯುವವರಲ್ಲ ಅಂತ ಗೊತ್ತಿತ್ತು. ಬೆಲ್ ಮಾಡಿದರೆ ಉತ್ತರ ಇಲ್ಲ. ಪಕ್ಕದ ಮನೆಯವರ ಹತ್ತಿರ ಇದ್ದ ಕೀ ತರಿಸಿ, ಅವರನ್ನೇ ಮುಂದೆ ಬಿಟ್ಟು ಒಳಗೆ ಹೋದೆವು. ಅಜ್ಜಿ ಬಚ್ಚಲಮನೆಯ ಬಾಗಿಲಲ್ಲಿ ಬಿದ್ದಿದ್ದರು, ಮಾತಾಡುತ್ತಿದ್ದರು, ಎದ್ದೇಳಲು ಆಗುತ್ತಿರಲಿಲ್ಲ. ಸೊಂಟದ ಮೂಳೆ ಮುರಿದಿತ್ತು. ನಾವು ಎತ್ತಲಿಲ್ಲ, ಹೊದಿಸಿ 108ಕ್ಕೆ ಕರೆ ಮಾಡಿ ಕಾದೆವು. ಈಗ ವಾಕರ್ ಹಿಡಿದು ನಡೆಯುತ್ತಾರೆ. “ಏನಪ್ಪಾ, ರಾತ್ರಿಯೆಲ್ಲ ಚಳೀಲಿ ಸುತ್ತಿದ್ಯಾ, ಕಾಫಿ ಕುಡ್ಕೊಂಡು ಹೋಗು,” ಅಂತ ಬೆಳಗ್ಗೆ ಕರೆಯುತ್ತಾರೆ.

ಬಡಾವಣೆಯ ಸಭೆಗಳಲ್ಲಿ ಮೇಲಿಂದ ಮೇಲೆ ಬರುವ ಬೇಡಿಕೆ: ಗಾಡಿಗೆ ಸೈರನ್ ಹಾಕಿಸಿ, ಕೆಂಪು ನೀಲಿ ದೀಪ ಹಾಕಿಸಿ, ಗಾರ್ಡ್‌ಗಳಿಗೆ ಖಾಕಿ ಕೊಡಿಸಿ, ಭಯ ಇರಲಿ. ಕೊಡಿಸಲಾಗದು. ಕೆಂಪು ದೀಪವನ್ನು 2017ರ ಮೇ 1ರಿಂದ ಮಂತ್ರಿಗಳ ಕಾರಿನಿಂದಲೇ ತೆಗೆಸಿದ್ದಾರೆ. ಸೇನೆ, ಪೊಲೀಸ್ ಸಮವಸ್ತ್ರದಂತೆ ಕಾಣುವ ಬಟ್ಟೆ ಹಾಕಿದರೆ 2005ರ ಕಾಯ್ದೆಯಲ್ಲೇ ಒಂದು ವರ್ಷದವರೆಗೆ ಜೈಲು ಅಥವಾ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಆ ದುಡ್ಡಿನಲ್ಲಿ ಒಳ್ಳೆಯ ಸರ್ಚ್‌ಲೈಟ್, ಒಳ್ಳೆಯ ಬೂಟು, ಮಳೆಕೋಟು ಕೊಡಿಸಿ ಅಂತ ನಾನು ಸಭೆಯಲ್ಲೇ ಎದ್ದು ಕೇಳಿದೆ. ಕೊಡಿಸಿದರು.

ರಿಜಿಸ್ಟರಿನ ಬಗ್ಗೆ ಒಂದು ಮಾತು. ‘ಎಲ್ಲಾ ಓಕೆ’ ಅಂತ ಬರೆಯುವುದನ್ನು ಹವಾಲ್ದಾರ್ ಸರ್ ನಿಷೇಧಿಸಿದ್ದರು, ನಾನೂ ಇಲ್ಲಿ ನಿಷೇಧಿಸಿದ್ದೇನೆ. ಏನು ನೋಡಿದೆ, ಎಲ್ಲಿ, ಎಷ್ಟು ಗಂಟೆಗೆ, ಯಾರಿಗೆ ಹೇಳಿದೆ, ಅವರು ಏನಂದರು. ನಾಲ್ಕನೇ ಅಡ್ಡರಸ್ತೆಯ ದೀಪ ಉರಿಯುತ್ತಿಲ್ಲ ಅಂತ ಮೂರು ಪಾಳಿ ಬರೆದರೆ ನಾಲ್ಕನೆಯ ದಿನ ಎಲೆಕ್ಟ್ರಿಷಿಯನ್ ಬರುತ್ತಾನೆ. ಕೇಬಲ್ಲಿನ ಪ್ರಕರಣದಲ್ಲಿ ಪೊಲೀಸರು ಮೊದಲು ಕೇಳಿದ್ದು ರಿಜಿಸ್ಟರು. ಹಿಂದಿನ ಸುತ್ತಿನಲ್ಲಿ ಚಪ್ಪಡಿ ಸರಿಯಾಗಿತ್ತು ಅಂತ ಹೊತ್ತಿನ ಸಮೇತ ಬರೆದದ್ದರಿಂದ ಯಾವ ಅರ್ಧ ಗಂಟೆಯ ಕ್ಯಾಮೆರಾ ನೋಡಬೇಕು ಅನ್ನುವುದು ತಕ್ಷಣ ಗೊತ್ತಾಯಿತು.

ನನಗೆ ನಿಜವಾಗಿ ಚಿಂತೆ ಇರುವುದು ಡ್ರೈವರ್‌ನ ನಿದ್ದೆಯ ಬಗ್ಗೆ. ಹನ್ನೆರಡು ಗಂಟೆಯ ಪಾಳಿ, ರಿಲೀವರ್ ಬರದಿದ್ದರೆ ಡಬಲ್ ಡ್ಯೂಟಿ. ಬೆಳಗಿನ ಜಾವ ಮೂರರಿಂದ ಐದರವರೆಗೆ ಕಣ್ಣು ತೆರೆದೇ ಇರುತ್ತದೆ, ತಲೆ ಮಲಗಿರುತ್ತದೆ. ನಿಧಾನ ಓಡಿಸುವ ಗಾಡಿಯಲ್ಲಿ ಇದು ಇನ್ನೂ ಹೆಚ್ಚು. ಮೈಲು ಮೈಲು ಒಂದೇ ಗೋಡೆ, ಒಂದೇ ಗೇರು. ಇಬ್ಬರಿದ್ದರೆ ಮಾತಾಡಿಕೊಂಡು, ಸುತ್ತಿಗೊಮ್ಮೆ ಸ್ಟೀರಿಂಗ್ ಬದಲಾಯಿಸಿಕೊಂಡು ಹೋಗಬಹುದು. ಒಬ್ಬ ಇಳಿದಾಗ ಇನ್ನೊಬ್ಬ ಗಾಡಿಯಲ್ಲಿದ್ದು ಅವನ ಬೆನ್ನು ಕಾಯಬಹುದು. ಖರ್ಚು ಕಡಿಮೆ ಮಾಡಬೇಕು ಅಂದಾಗ ಮೊದಲು ತೆಗೆಯುವುದು ಆ ಎರಡನೆಯವನನ್ನೇ. ಆವತ್ತಿನಿಂದ ಡ್ರೈವರ್ ಇಳಿಯುವುದನ್ನು ನಿಲ್ಲಿಸುತ್ತಾನೆ. ಕತ್ತಲಲ್ಲಿ ಒಬ್ಬನೇ ಗಾಡಿ ಬಿಟ್ಟು ಹೋಗಲು ಯಾರಿಗೂ ಮನಸ್ಸು ಬರುವುದಿಲ್ಲ, ಅವನನ್ನು ದೂರುವುದೂ ನ್ಯಾಯವಲ್ಲ. ಟ್ಯಾಗ್ ಮುಟ್ಟುತ್ತಾನೆ, ಹೋಗುತ್ತಾನೆ. ಕಾಗದದ ಮೇಲೆ ಗಸ್ತು ನಡೆದೇ ಇರುತ್ತದೆ.

ಗಸ್ತಿನ ಗಾಡಿ ಇಡಬೇಕೆಂದಿರುವ ಬಡಾವಣೆಯವರು, ಫ್ಯಾಕ್ಟರಿಯವರು ಏಜೆನ್ಸಿಯ ಜೊತೆ ಮಾತಾಡುವಾಗ ಗಾಡಿ ಯಾವುದು, ರಾತ್ರಿಗೆ ಎಷ್ಟು ಸುತ್ತು ಅಂತ ಮಾತ್ರ ಕೇಳಬೇಡಿ. ಲೈಸೆನ್ಸ್ ಪ್ರತಿ ನೋಡಿ, ಗಾರ್ಡ್‌ಗಳ ತರಬೇತಿ ಪ್ರಮಾಣಪತ್ರ ನೋಡಿ, ಪಿಎಫ್ ಇಎಸ್‌ಐ ಕಟ್ಟಿದ ಚಲನ್ ತಿಂಗಳು ತಿಂಗಳು ತರಿಸಿಕೊಳ್ಳಿ. ಒಂದು ಸುತ್ತಿನಲ್ಲಿ ಎಷ್ಟು ಕಡೆ ಇಳಿಯುತ್ತಾರೆ ಅಂತ ಕೇಳಿ. ಸಾಧ್ಯವಾದರೆ ಸಂಘದ ಪದಾಧಿಕಾರಿಯೊಬ್ಬರು ಒಂದು ರಾತ್ರಿ ಗಾಡಿಯಲ್ಲಿ ಜೊತೆಗೆ ಕೂತು ಬನ್ನಿ. ನಮ್ಮ ಕಾರ್ಯದರ್ಶಿಗಳು ಹಾಗೆ ಬಂದರು, ನಾಲ್ಕು ಗಂಟೆಯ ಹೊತ್ತಿಗೆ ಅವರಿಗೂ ತೂಕಡಿಕೆ ಹತ್ತಿತು. ಮುಂದಿನ ತಿಂಗಳು ಒಪ್ಪಂದದ ನವೀಕರಣ ಇದೆ. ರಾತ್ರಿ ಪಾಳಿ ಎಂಟು ಗಂಟೆಯದ್ದಾಗಲಿ, ಗಾಡಿಯಲ್ಲಿ ಯಾವಾಗಲೂ ಇಬ್ಬರಿರಲಿ ಅಂತ ಪತ್ರ ಬರೆದು ಕೊಟ್ಟಿದ್ದೇನೆ. ಅವರು ಅದನ್ನು ಕರಡಿನ ಮೊದಲನೆಯ ಷರತ್ತಾಗಿ ಸೇರಿಸಿದ್ದಾರೆ. ಸಾಮಾನ್ಯ ಸಭೆ ಒಪ್ಪಬೇಕು.